ಸೆಲ್ಲಿನ ಮೇಲಿನ ಗೀರು

ನಮ್ಮ ಮನೆಯ ಟೀವಿ ರಿಮೋಟಿನ ಎರಡೂ ಸೆಲ್ಲುಗಳ ಮೇಲೆ ಬ್ಲೇಡಿನ ತುದಿಯಿಂದ ಗೀರಿದ ಸಣ್ಣದೊಂದು ಅಡ್ಡಗೆರೆ ಇದೆ. ಹಾಕಿದವಳು ನಾನೇ. ಮದುವೆಯಾಗಿ ಇಷ್ಟು ವರ್ಷ ಈ ಗುಟ್ಟು ನನ್ನಲ್ಲೇ ಇತ್ತು. ಮೊನ್ನೆ ರಿಮೋಟು ಕೈಕೊಟ್ಟಿತು. ನಮ್ಮ ಯಜಮಾನರು ಎಲ್ಲರೂ ಮಾಡುವಂತೆ ಮೊದಲು ಅದನ್ನು ಅಂಗೈಗೆ ಎರಡು ಸಲ ಬಡಿದರು. ಆಮೇಲೆ ಮುಚ್ಚಳ ತೆಗೆದು ಸೆಲ್ಲುಗಳನ್ನು ಬೆರಳಿನಿಂದ ಉರುಳಿಸಿದರು. ಅದಕ್ಕೂ ಬಗ್ಗದಿದ್ದಾಗ ಸೆಲ್ಲನ್ನು ಹೊರಗೆ ತೆಗೆದು ಕನ್ನಡಕದ ಹತ್ತಿರ ಹಿಡಿದರು.

"ಇದೇನಿದು ಗೀರು?"

"ಗುರುತು."

"ಯಾತರ ಗುರುತು?"

"ನಮ್ಮ ಸೆಲ್ ಅಂತ."

"ನಮ್ಮ ಮನಿ ರಿಮೋಟಿನಾಗ ಮತ್ತ್ಯಾರ ಸೆಲ್ ಇರತಾವ?"

ಉತ್ತರ ನನ್ನ ಹತ್ತಿರ ಇತ್ತು. ಗೋಡೆ ಗಡಿಯಾರ ನಿಂತಾಗಲೆಲ್ಲ ಇದೇ ಮಹಾಶಯರು ರಿಮೋಟಿನ ಸೆಲ್ಲನ್ನು ಅಲ್ಲಿಗೂ ಅಲ್ಲಿಯದನ್ನು ಇಲ್ಲಿಗೂ ಸಾಗಿಸಿ, ಏನೂ ಅರಿಯದವರಂತೆ ಪೇಪರ್ ಓದುತ್ತಾ ಕೂತಿರುತ್ತಾರೆ ಎಂಬುದು ನನಗೆ ಆ ಗೀರಿನಿಂದಲೇ ತಿಳಿದದ್ದು. ಆದರೆ ಹೇಳಲಿಲ್ಲ. ಬಾಯಿ ಬಿಟ್ಟರೆ ಉಳಿದ ಗುರುತುಗಳೂ ಹೊರಬೀಳುತ್ತವೆ. ಮಿಕ್ಸರಿನ ಅಡಿಯಲ್ಲೊಂದಿದೆ, ಕುಕ್ಕರಿನ ರಬ್ಬರಿಗೊಂದಿದೆ, ಛತ್ರಿಯ ಹಿಡಿಯಲ್ಲಿ ಎರಡಿವೆ. ರಿಪೇರಿಯವರ ಕೈಗೆ ಗುರುತು ಹಾಕದೆ ನಾನು ಏನನ್ನೂ ಕೊಟ್ಟವಳಲ್ಲ.

ನೀವು ನಗಬಹುದು. ನಗುವ ಮುಂಚೆ ನಾನು ಎಂಥ ಮನೆಯಲ್ಲಿ ಬೆಳೆದೆ ಎಂಬುದನ್ನು ಕೇಳಿ.

ನಾನು ಬ್ಯಾಡಗಿಯವಳು. ಅಪ್ಪ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಮಾಲು ನೋಡುವ ಕೆಲಸದಲ್ಲಿದ್ದರು. ಮಾಲು ನೋಡುವುದೆಂದರೆ ಬೇರೇನಲ್ಲ, ಬೆಳಗಿನಿಂದ ಸಂಜೆಯ ತನಕ ಸಂಶಯಪಡುವುದು. ಅದಕ್ಕೆ ಅವರಿಗೆ ಸಂಬಳವಿತ್ತು. ಚೀಲದ ಬಾಯಲ್ಲಿ ಕೆಂಪಗೆ ಸುಕ್ಕುಸುಕ್ಕಾಗಿ ಮಿರುಗುವ ಡಬ್ಬಿ ತಳಿಯ ಕಾಯಿಯನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೊಣಕೈಯವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಿದ್ದರು. ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳುವರು, ಮುರಿದು ಮೂಸುವರು, ನೀರು ಚಿಮುಕಿಸಿ ತೂಕ ಹೆಚ್ಚಿಸಿದ್ದಾರೋ ಎಂದು ಬೆರಳಿನಲ್ಲಿ ಹಿಸುಕುವರು. ಆಮೇಲೆ ರೈತನ ಮುಖ ನೋಡುವರು. ಪೇಟೆ ಮುಗಿಸಿ ಮನೆಗೆ ಬಂದರೂ ಆ ಕಣ್ಣು ಅವರ ಜೊತೆಗೇ ಬರುತ್ತಿತ್ತು. ಅವ್ವ ಬದನೆಕಾಯಿ ತಂದರೆ ಬುಟ್ಟಿಯ ತಳಕ್ಕೆ ಕೈ ಹೋಗುತ್ತಿತ್ತು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದು ಹೋದ ಮರುವಾರ, ಅಪ್ಪ ಹೇಳದೆ ಕೇಳದೆ ಅವರ ಊರಿಗೆ ಹೋಗಿ ಮನೆಯ ಹಿತ್ತಲ ಕಡೆಯಿಂದ ಒಂದು ಸುತ್ತು ಹಾಕಿ ಬಂದಿದ್ದರು. ಹಿತ್ತಲು ಪಾಸಾಯಿತು, ಮದುವೆಯೂ ಆಯಿತು.

ಅಪ್ಪ ನನಗೆ ಕಲಿಸಿದ ಸೂತ್ರ ಎರಡೇ ಶಬ್ದದ್ದು. "ಕೇಳಬ್ಯಾಡ, ನೋಡು." ಕೇಳಿದರೆ ಎದುರಿನವರು ಹುಷಾರಾಗುತ್ತಾರೆ, ಸುಮ್ಮನೆ ನೋಡುತ್ತಿದ್ದರೆ ತಾವೇ ಸಿಕ್ಕಿಬೀಳುತ್ತಾರೆ ಎಂದು ಅದರ ಅರ್ಥ. ಹನ್ನೊಂದನೇ ವಯಸ್ಸಿಗೆ ನಾನು ಈ ವಿದ್ಯೆಯಲ್ಲಿ ಸಾಕಷ್ಟು ಮುಂದುವರಿದಿದ್ದೆ.

ಆ ವರ್ಷ, ಸುಗ್ಗಿಯ ಕಾಯಿ ಪೇಟೆಗೆ ಬರಲು ಶುರುವಾದ ಹೊತ್ತಿಗೆ, ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿದ್ದ ಶಿವುಮಾಮ ನನಗೊಂದು ವಿಡಿಯೋ ಗೇಮ್ ತಂದುಕೊಟ್ಟರು. ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಅಂಗೈಗಿಂತ ಕೊಂಚ ಉದ್ದದ ಬೂದು ಬಣ್ಣದ ಡಬ್ಬಿ, ಮೇಲಿನಿಂದ ಇಟ್ಟಿಗೆಗಳು ಒಂದೊಂದಾಗಿ ಬೀಳುತ್ತವೆ, ಅವನ್ನು ಎಡಕ್ಕೆ ಬಲಕ್ಕೆ ಸರಿಸಿ, ತಿರುಗಿಸಿ, ಸಂದು ಬಿಡದಂತೆ ಕೂಡಿಸಬೇಕು. ಒಳಗೆ ಸಾವಿರಗಟ್ಟಲೆ ಆಟಗಳಿವೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ನನಗೆ ಸ್ವರ್ಗವೇ ಸಿಕ್ಕಂತಾಗಿತ್ತು. ಅಪ್ಪ ಪೆಟ್ಟಿಗೆಯನ್ನು ಎರಡು ಸಲ ಓದಿ "ಎಣಿಸಿ ನೋಡು" ಎಂದರು. ಕೂತು ಎಣಿಸಿದೆ. ಇಪ್ಪತ್ತರ ಹತ್ತಿರ ಬರುವಷ್ಟರಲ್ಲಿ ಹಳೆಯ ಆಟವೇ ಸ್ವಲ್ಪ ಜೋರಾಗಿ ಓಡುತ್ತಾ ಮತ್ತೆ ಬಂತು.

"ನೋಡ್ದಿ? ಚೀಲದ ಬಾಯಾಗ ಒಂದು, ತಳದಾಗ ಒಂದು," ಎಂದು ಅಪ್ಪ ಬಹಳ ಸಮಾಧಾನದಿಂದ ಹೇಳಿದರು. ಮಾಮ ಮುಖ ಸಣ್ಣದು ಮಾಡಿಕೊಂಡು ಚಹ ಕುಡಿದರು.

ಗೇಮಿಗೆ ನನ್ನ ಜೊತೆ ಇನ್ನೊಬ್ಬ ವಾರಸುದಾರಳಿದ್ದಳು, ಗೋಡೆಯಾಚೆಯ ಮನೆಯ ಪರ್ವೀನ್. ಅವಳ ಅಬ್ಬಾನದು ಓಣಿಯ ಮೂಲೆಯಲ್ಲಿ ಹೊಲಿಗೆ ಅಂಗಡಿ. ಒಂದೇ ಶಾಲೆ, ಒಂದೇ ಬೆಂಚು. ನಮ್ಮಿಬ್ಬರಿಗಿಂತ ಮೊದಲಿನಿಂದ ಸ್ನೇಹವಿದ್ದದ್ದು ನಮ್ಮ ಎರಡು ಮನೆಯ ಬಟ್ಟಲುಗಳಿಗೆ. ನಮ್ಮಲ್ಲಿ ಹೋಳಿಗೆಯಾದರೆ ಅತ್ತ, ಅವರಲ್ಲಿ ಹಾಲು-ಶಾವಿಗೆಯ ಸುರಕುಂಬಾ ಆದರೆ ಇತ್ತ. ಬಂದ ಬಟ್ಟಲನ್ನು ಖಾಲಿ ವಾಪಸು ಕೊಡಬಾರದೆಂಬುದು ಅವ್ವನ ಕಟ್ಟಪ್ಪಣೆ. ಏನೂ ಇಲ್ಲದಿದ್ದರೆ ತಳದಲ್ಲಿ ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಖಾಲಿ ಬಟ್ಟಲು ಹೋಯಿತೆಂದರೆ ಇನ್ನು ಕೊಡುಕೊಳ್ಳುವುದು ಸಾಕು ಎಂದು ಹೇಳಿಕಳಿಸಿದ ಹಾಗೆ. ಪರ್ವೀನಳ ಮನೆಯಲ್ಲೂ ಇದೇ ರೂಢಿ.

ಒಂದು ತಿಂಗಳಿಗೆ ಗೇಮು ಏದುಸಿರು ಬಿಡತೊಡಗಿತು. ಮೊದಲು ಪರದೆ ಮಸುಕಾಯಿತು. ಆಮೇಲೆ ಎಡಗಡೆಯ ಬಟನ್ ಮೊಂಡಾಯಿತು, ಹೆಬ್ಬೆರಳು ಬಿಳಿಚಿಕೊಳ್ಳುವಷ್ಟು ಒತ್ತಿದರೆ ಮಾತ್ರ ಇಟ್ಟಿಗೆ ಒಂದು ಹೆಜ್ಜೆ ಸರಿಯುತ್ತಿತ್ತು. ಆ ಕಾಲದ ವೈದ್ಯವೆಲ್ಲ ನಡೆಯಿತು. ಅಂಗೈಗೆ ಬಡಿದೆ. ಬಾಯಿಂದ ಊದಿದೆ. ಸೆಲ್ಲುಗಳನ್ನು ದವಡೆಯಲ್ಲಿಟ್ಟು ಕಚ್ಚಿದೆ, ಕಚ್ಚಿದರೆ ಒಳಗೆ ಉಳಿದದ್ದು ಮುಂದಕ್ಕೆ ಬರುತ್ತದೆಂದು ಇಡೀ ಶಾಲೆ ನಂಬಿತ್ತು. ಪಾನ್ ಅಂಗಡಿಯ ಮುಂದೆ ಬಿದ್ದ ಸಿಗರೇಟು ಪಾಕೀಟಿನ ಬೆಳ್ಳಿಕಾಗದ ತಂದು ಸ್ಪ್ರಿಂಗಿಗೆ ಸುತ್ತಿದೆ. ಅವ್ವ ತನ್ನ ಪಾಲಿನದನ್ನೂ ಮಾಡಿದಳು. ಸ್ಪ್ರಿಂಗು ಕಿಲುಬು ಹಿಡಿದಿದೆ ಎಂದು ತಾಮ್ರದ ಕೊಡಕ್ಕೆ ಮಾಡುವ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಿಕೊಟ್ಟಳು. ಸ್ಪ್ರಿಂಗು ಫಳಫಳ ಹೊಳೆಯಿತು, ಬಟನ್ ಮಾತ್ರ ಹಾಗೇ ಇತ್ತು.

ಕೊನೆಗೆ ಬಿಸಿಲಿನ ಮೊರೆ ಹೋದೆ. ಬಿಸಿಲಿಗಿಟ್ಟರೆ ಸತ್ತ ಸೆಲ್ಲು ಎದ್ದು ಕೂರುತ್ತದೆ ಎಂಬುದರಲ್ಲಿ ನಮ್ಮೂರಲ್ಲಿ ಎರಡು ಮಾತಿರಲಿಲ್ಲ. ಮಾಳಿಗೆಯ ಮೇಲೆ ವರ್ಷದ ಖಾರಕ್ಕೆಂದು ತೊಟ್ಟು ಬಿಡಿಸಿದ ಮೆಣಸಿನಕಾಯಿ ಹಾಸಿತ್ತು. ಬಿಸಿಲು ಚೆನ್ನಾಗಿ ಬೀಳುವ ಜಾಗ ಅದೇ. ಗೇಮನ್ನು ಅದರ ನಡುವೆ ಒರಗಿಸಿಟ್ಟೆ, ಪಕ್ಕದಲ್ಲಿ ಸೆಲ್ಲುಗಳನ್ನು ಮಲಗಿಸಿದೆ. ಸಂಜೆಗೆ ಗೇಮು ಕುಂಯ್ ಎಂದಿತು! ಅಂದಿನಿಂದ ದಿನಾ ಶಾಲೆಗೆ ಹೋಗುವಾಗ ಅದನ್ನು ಮಾಳಿಗೆಗೆ ಹತ್ತಿಸುವುದು, ಬಂದ ಮೇಲೆ ಇಳಿಸುವುದು ಒಂದು ನೇಮವಾಯಿತು.

ಒಂದು ಶನಿವಾರ ಪರ್ವೀನ್ "ಒಂದ ದಿನಾ ನಮ್ಮ ಮನ್ಯಾಗ ಇಟ್ಟಗೋತೇನಿ, ನಾಳೆ ಸಂಜೀಕ ಕೊಡ್ತೇನಿ" ಎಂದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಆದರೆ ಕೊಡುವ ಮುಂಚೆ ಅಪ್ಪನ ದಾಡಿಯ ಬ್ಲೇಡು ತಂದು ಎರಡೂ ಸೆಲ್ಲುಗಳ ಮೇಲೆ ಒಂದೊಂದು ಅಡ್ಡಗೆರೆ ಗೀರಿದೆ. ಅವಳ ಮೇಲೆ ಅಂಥ ಸಂಶಯವೇನೂ ಇರಲಿಲ್ಲ ಎಂದು ಈಗ ಹೇಳಿದರೆ ನಾನು ಗೀರಿದ್ದೇಕೆ ಎಂದು ನೀವು ಕೇಳುತ್ತೀರಿ. ಸಂಶಯ ಇತ್ತು.

ಭಾನುವಾರ ಸಂಜೆ ಗೇಮು ಬಂತು. ಅವಳು ಆಚೆ ಹೋಗುತ್ತಲೇ ಚಾಲೂ ಮಾಡಿದೆ. ಎಡಗಡೆಯ ಬಟನ್ ಸಂಪೂರ್ಣ ಸತ್ತಿತ್ತು. ಬೀಳುವ ಇಟ್ಟಿಗೆಗಳೆಲ್ಲ ಬಲಗಡೆಗೇ ಹೋಗಿ ಗುಡ್ಡೆಯಾಗುತ್ತಿದ್ದವು. ಮುಚ್ಚಳ ತೆಗೆದೆ. ಸೆಲ್ಲುಗಳ ಮೇಲೆ ಗೀರಿಲ್ಲ! ಉರುಳಿಸಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ, ಇಲ್ಲ. ನನ್ನ ಸೆಲ್ಲು ತೆಗೆದುಕೊಂಡು ತಮ್ಮ ಮನೆಯ ಸತ್ತ ಸೆಲ್ಲು ತುರುಕಿದ್ದಾಳೆ, ಅದಕ್ಕೇ ಬಟನ್ ಸತ್ತಿದೆ. ನನಗೆ ಎಲ್ಲ ಸ್ವಚ್ಛ ಕಂಡಿತು. ಪರದೆ ಎಂದಿಗಿಂತ ಕಪ್ಪಾಗಿ ಕಾಣುತ್ತಿತ್ತು, ಸದ್ದೂ ಜೋರಾಗಿತ್ತು. ಅದನ್ನು ಕಂಡೂ ನಾನು, ಮೇಲ್ನೋಟಕ್ಕೆ ಚೆನ್ನಾಗಿ ತೋರಿಸುವುದೇ ಮೋಸದ ಲಕ್ಷಣ ಎಂದುಕೊಂಡೆ. ಪೇಟೆಯ ಪಾಠ ಅಷ್ಟು ಚೆನ್ನಾಗಿ ತಲೆಗೆ ಹತ್ತಿತ್ತು.

ಅಪ್ಪನಿಗೆ ಹೇಳಿದೆ. "ನೀ ಕೇಳೀಯೇನು ಅಕೀನ್ನ?" ಎಂದರು.

"ಇಲ್ಲ. ನೋಡೇನಿ. ಗುರುತು ಇಲ್ಲ."

"ಹ್ಞೂಂ," ಎಂದರು. ಅಪ್ಪ ಬಾಯಿಬಿಟ್ಟು ಮೆಚ್ಚುವುದು ಅಷ್ಟೇ.

ಆ ವಾರವಿಡೀ ನಾನು ಪರ್ವೀನಳ ಜೊತೆ ಮಾತಾಡಲಿಲ್ಲ. ಬೆಂಚಿನ ನಡುವೆ ಕಂಪಾಸ್ ಪೆಟ್ಟಿಗೆ ಅಡ್ಡ ಇಟ್ಟೆ. ಅವಳು "ಯಾಕ ಸುಜಾ, ಏನಾತು?" ಎಂದು ಎರಡು ದಿನ ಕೇಳಿದಳು. ಮೂರನೇ ದಿನ ಕೇಳುವುದನ್ನು ಬಿಟ್ಟಳು. ಕೇಳುವುದು ನಿಲ್ಲಿಸಿದಳೆಂದರೆ ತಪ್ಪಿತಸ್ಥಳೇ ಇರಬೇಕೆಂದು ಅದನ್ನೂ ಅವಳ ಮೇಲೇ ಹೊರಿಸಿದೆ.

ಅದೇ ವಾರ ರಂಜಾನ್ ಬಂತು. ಅಜ್ಜಿಗೆ ಮೈಯಲ್ಲಿ ಆರಾಮಿಲ್ಲವೆಂದು ಅವ್ವ ಹಾವೇರಿಗೆ ಹೋಗಿದ್ದಳು. ಪರ್ವೀನ್ ಹೊಸ ಅಂಗಿ ಹಾಕಿಕೊಂಡು ಸುರಕುಂಬಾದ ಬಟ್ಟಲು ಹಿಡಿದು ಬಂದಳು. ಬಟ್ಟಲು ಇಸಿದುಕೊಂಡೆ, ಮಾತಾಡಲಿಲ್ಲ. ಅವಳು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಹೋದಳು. ಸುರಕುಂಬಾವನ್ನು ನಾನೇ ತಿಂದೆ. ಕೋಪ ಪರ್ವೀನಳ ಮೇಲಿತ್ತು, ಖರ್ಜೂರ ಗೋಡಂಬಿಯ ಮೇಲೆ ಇರಲಿಲ್ಲ. ಆಮೇಲೆ ಬಟ್ಟಲನ್ನು ತೊಳೆದೆ, ಒರೆಸಿದೆ. ಸಕ್ಕರೆಯ ಡಬ್ಬಿ ಕಣ್ಣೆದುರೇ ಇತ್ತು. ಮುಚ್ಚಳಕ್ಕೆ ಕೈಯನ್ನೂ ಹಚ್ಚಿದೆ. ತೆಗೆಯಲಿಲ್ಲ. ಖಾಲಿ ಬಟ್ಟಲನ್ನು ಒಯ್ದು ಅವರ ಮನೆಯ ಕಟ್ಟೆಯ ಮೇಲೆ ಇಟ್ಟು, ಹಿಂದೆ ನೋಡದೆ ಬಂದೆ. ನಾನು ಏನು ಮಾಡುತ್ತಿದ್ದೇನೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಮರು ಭಾನುವಾರ ಅಪ್ಪನಿಗೆ ರಾಣೆಬೆನ್ನೂರಿನಲ್ಲಿ ಕೆಲಸವಿತ್ತು, ಗೇಮನ್ನೂ ನನ್ನನ್ನೂ ಕರೆದುಕೊಂಡು ಹೊರಟರು. ಅಲ್ಲಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ರೇಡಿಯೊ ಗಂಗಣ್ಣ ಎಂಬುವರ ಅಂಗಡಿಯಿತ್ತು. ರಿಪೇರಿಯವರು ಒಳಗಿನ ಒಳ್ಳೆಯ ಸಾಮಾನು ತೆಗೆದು ಹಳೆಯದು ಕೂಡಿಸುತ್ತಾರೆಂಬುದು ನಮ್ಮ ಮನೆಯ ದೃಢ ನಂಬಿಕೆ. ಆದ್ದರಿಂದ ಬಸ್ಸು ಹತ್ತುವ ಮುಂಚೆ ಅಪ್ಪ ಗೇಮಿನ ಎಲ್ಲ ಸ್ಕ್ರೂಗಳ ತಲೆಗೂ ಅವ್ವನ ಕೆಂಪು ಉಗುರುಬಣ್ಣದಿಂದ ಒಂದೊಂದು ಬೊಟ್ಟಿಟ್ಟರು. ಮೋಟೆಬೆನ್ನೂರು ದಾಟುವವರೆಗೆ ಬೊಟ್ಟು ಒಣಗಲೆಂದು ನಾನು ಊದುತ್ತಲೇ ಇದ್ದೆ.

ಗಂಗಣ್ಣ ಗೇಮನ್ನು ತಿರುಗಿಸಿ ಬೊಟ್ಟುಗಳನ್ನು ನೋಡಿದರು. "ಬ್ಯಾಡಗಿಯವ್ರೇನ್ರಿ?"

ಅಪ್ಪನ ಹುಬ್ಬು ಮೇಲೆ ಹೋಯಿತು. "ನಿಮಗ್ಯಾರ ಹೇಳಿದ್ರು?"

"ಯಾರ ಹೇಳಬೇಕ್ರಿ. ಆ ಕಡಿಂದ ಬರೋ ರೇಡಿಯೊಕ್ಕೆಲ್ಲಾ ಕುಂಕುಮ ಹಚ್ಚಿರತೈತಿ. ಬರ್ರಿ, ಕುಂದ್ರಿ. ಎದುರಿಗೇ ಕುಂದ್ರಿ, ಛಲೋತ್ನಂಗ ಕಾಣ್ತೈತಿ." ಎರಡು ಸ್ಟೂಲುಗಳನ್ನು ಮೇಜಿಗೆ ಅಂಟಿಸಿದಂತೆ ಹಾಕಿದರು. ನಾವು ಕೂತೆವು. ಅಪ್ಪ ಅವರ ಬೆರಳುಗಳಿಂದ ಕಣ್ಣು ಕೀಳಲಿಲ್ಲ.

ಕೊನೆಯ ಸ್ಕ್ರೂ ಬಿಚ್ಚಿ ಡಬ್ಬಿಯನ್ನು ಎರಡು ಹೋಳು ಮಾಡಿದ್ದೇ ತಡ, ಗಂಗಣ್ಣ ಸೀನಿದರು. ಮತ್ತೆ ಸೀನಿದರು. ಆಮೇಲೆ ನಾನು. ಹುಟ್ಟಿದಾಗಿನಿಂದ ಘಾಟಿನಲ್ಲೇ ಬದುಕಿದ್ದ ಅಪ್ಪನೂ ಒಂದು ಸೀನಿದರು.

"ಇದು ಗೇಮ್ ಅಲ್ರಿ, ಖಾರದ ಡಬ್ಬಿ!" ಗಂಗಣ್ಣ ಚಿಮಟದಿಂದ ಎಡಗಡೆಯ ಬಟನ್ನಿನ ಅಡಿಯಿಂದ ಏನನ್ನೋ ಎತ್ತಿ ಕಾಗದದ ಮೇಲಿಟ್ಟರು. ಚಪ್ಪಟೆಯಾದ ಒಂದು ಮೆಣಸಿನ ಬೀಜ. ಬಟನ್ನಿನ ಕೆಳಗಿನ ರಬ್ಬರೆಲ್ಲ ಕೆಂಪಗೆ ಜಿಡ್ಡುಗಟ್ಟಿತ್ತು. "ಎಲ್ಲಿ ಇಟ್ಟಿದ್ದೆವ್ವಾ ಇದನ್ನ?"

"ಮಾಳಿಗಿ ಮ್ಯಾಲ. ಬಿಸಲಾಗ."

"ಯಾತಕ್ಕ?"

"ಸೆಲ್ಲಿಗೆ ತಾಕತ್ತು ಬರ್ಲಿ ಅಂತ."

"ಕೆಳಗ ಏನ ಹಾಸಿತ್ತು?"

ನಾನು ಅಪ್ಪನ ಮುಖ ನೋಡಿದೆ. ಅಪ್ಪನೇ ಮೆಲ್ಲಗೆ, "ಮೆಣಸಿನಕಾಯಿ," ಎಂದರು.

ಗಂಗಣ್ಣ ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ರಬ್ಬರನ್ನು ಒರೆಸಿದರು. ಒರೆಸಿದಷ್ಟೂ ಹತ್ತಿ ಕೆಂಪಾಯಿತು. ಆಮೇಲೆ ಪೆನ್ಸಿಲಿನ ಮೊನೆಯನ್ನು ಮೊದಲೇ ಸವೆದಿದ್ದ ರಬ್ಬರಿನ ಬುಡಕ್ಕೆ ಕಪ್ಪಗೆ ತಿಕ್ಕಿದರು. ಅಷ್ಟೇ ವೈದ್ಯ. ಎಡಗಡೆಯ ಬಟನ್ ಒತ್ತಿದರೆ ಇಟ್ಟಿಗೆ ಎಡಕ್ಕೆ ಓಡಿತು. ನನಗೆ ಖುಷಿಯಾಗಬೇಕಿತ್ತು. ಆದರೆ ಸೆಲ್ಲಿನ ಲೆಕ್ಕ ಇನ್ನೂ ಬಾಕಿಯಿತ್ತು.

"ಸೆಲ್ ಹಳೇವು ಅದಾವ್ರಿ, ನೋಡ್ರಿ," ಎಂದೆ.

ಗಂಗಣ್ಣ ಎರಡನ್ನೂ ಮೀಟರಿಗೆ ಹಿಡಿದರು. ಮುಳ್ಳು ಆಚೆಯ ತುದಿಗೆ ಹೋಗಿ ನಿಂತಿತು. "ಯಾರವ್ವಾ ಹೇಳಿದ್ರು ನಿನಗ? ಹೊಚ್ಚ ಹೊಸಾವು ಅದಾವು. ವಾರೊಪ್ಪತ್ತಿನಾಗ ಹಾಕ್ಯಾರ." ಅಪ್ಪನ ಮುಖದಲ್ಲಿ ಮೀಟರಿನ ಮೇಲೆಯೇ ಸಂಶಯ ಕಂಡಿತೇನೋ, ಮೇಜಿನ ಕೆಳಗಿನ ಬುಟ್ಟಿಯಿಂದ ಒಂದು ಸತ್ತ ಸೆಲ್ಲು ತೆಗೆದು ಅದಕ್ಕೂ ಹಿಡಿದು ತೋರಿಸಿದರು. ಮುಳ್ಳು ಅಲುಗಲಿಲ್ಲ.

ಆಗ ನನಗೆ ತಿಳಿಯಿತು. ಪರ್ವೀನ್ ಒಂದು ದಿನ ಆಡಿದ್ದಳು. ಆಡಿ ನನ್ನ ಸೆಲ್ಲು ತೀರಿಸಿದ್ದಳು. ನಮ್ಮೆರಡು ಮನೆಗಳಲ್ಲಿ ಬಟ್ಟಲನ್ನು ಹೇಗೆ ವಾಪಸು ಕೊಡುತ್ತಾರೋ ಹಾಗೆಯೇ ಅವಳು ಗೇಮನ್ನೂ ವಾಪಸು ಕೊಟ್ಟಿದ್ದಳು. ಅಂಥವರ ಬಟ್ಟಲನ್ನು, ಹಬ್ಬದ ದಿನ, ನಾನು ಖಾಲಿ ಇಟ್ಟು ಬಂದಿದ್ದೆ. ಸ್ಟೂಲಿನ ಮೇಲೆ ಕೂತಲ್ಲೇ ನನಗೆ ಅಳು ಬಂತು. ಗಂಗಣ್ಣ ಖಾರದ ಘಾಟೆಂದು ತಿಳಿದು ಫ್ಯಾನು ಹಾಕಿದರು.

ಬಸ್ಸಿನಲ್ಲಿ ಅಪ್ಪನಿಗೆ ಬಟ್ಟಲಿನ ವಿಷಯವನ್ನೂ ಹೇಳಿದೆ. "ನಾ ತಳಕ್ಕ ಕೈ ಹಾಕೂದು ಹುಳುಕು ಹುಡುಕಾಕ ಅಷ್ಟ ಅಲ್ಲವ್ವಾ," ಎಂದರು. "ಒಮ್ಮೊಮ್ಮೆ ಮ್ಯಾಲಿಂದಕಿಂತ ತಳದ ಮಾಲು ಛಲೋ ಇರತೈತಿ. ಹಂಗಿದ್ದಾಗ ಹಂಗ ಹೇಳೂದೂ ನನ್ನ ಕೆಲಸ." ಇದು ಖರೆಯೋ, ನನ್ನ ಸಮಾಧಾನಕ್ಕೆ ಆ ಕ್ಷಣ ಹುಟ್ಟಿಸಿ ಹೇಳಿದ್ದೋ, ನನಗೆ ಈಗಲೂ ಸಂಶಯವಿದೆ.

ಮನೆಗೆ ಬಂದು ಡಬ್ಬಿಯಲ್ಲಿದ್ದ ಶೇಂಗಾ ಉಂಡಿಯನ್ನೆಲ್ಲ ನಮ್ಮದೊಂದು ಬಟ್ಟಲಿಗೆ ತುಂಬಿದೆ. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಗೇಮು. ಪರ್ವೀನ್ ಬಾಗಿಲು ತೆಗೆದಳು, ಒಳಗೆ ಬಾ ಎನ್ನಲಿಲ್ಲ.

"ಖಾಲಿ ಬಟ್ಟಲಾ ಇಟ್ಟ ಹೋದಾಕಿ ನೀನೋ, ನಿಮ್ಮವ್ವನೋ?"

"ನಾನ. ಅವ್ವ ಊರಾಗಿಲ್ಲ."

"ಅಮ್ಮೀ ಅವತ್ತಿಂದ ಒಂದ ಸವನ ಕೇಳಾಕತ್ತಾಳ, ನಮ್ಮ ಸುರಕುಂಬಾದಾಗ ಏನರ ತಪ್ಪಾಗಿತ್ತೇನು ಅಂತ. ಹಬ್ಬದ ದಿನಾ ಊಟಾನೂ ಸರಿಯಾಗಿ ಮಾಡ್ಲಿಲ್ಲ."

ನಾನು ಎಲ್ಲವನ್ನೂ ಹೇಳಿದೆ. ಗೀರು, ಬೀಜ, ಮೀಟರು, ಏನೂ ಬಿಡಲಿಲ್ಲ. ಸೆಲ್ಲು ಕದ್ದವಳು ನೀನೆಂದು ಮಾತು ಬಿಟ್ಟೆ ಎಂದಾಗ ಅವಳ ಕಣ್ಣು ತುಂಬಿತು. ಒಂದು ಕ್ಷಣ ಬಾಗಿಲು ಹಾಕಿಬಿಡುತ್ತಾಳೆ ಎಂದುಕೊಂಡೆ.

"ನೀನ ಕೇಳಬಾರದಿತ್ತೇನು ನನ್ನ?" ಎಂದಳು.

ಕೇಳಬಾರದೆಂದೇ ಕಲಿತಿದ್ದೆ.

ಕಣ್ಣೊರೆಸಿಕೊಂಡು ಅವಳೇ ಹೇಳಿದಳು. ಹೊಸ ಸೆಲ್ಲು ಅವಳ ಅಬ್ಬಾನ ಸಣ್ಣ ರೇಡಿಯೊದ್ದು. ಅವರು ಹಿಂದಿನ ದಿನವಷ್ಟೇ ಹಾಕಿದ್ದರು. ನನ್ನ ತೀರಿದ ಸೆಲ್ಲುಗಳನ್ನು ಇವಳು ಸದ್ದಿಲ್ಲದೆ ಅದರೊಳಗೆ ಕೂಡಿಸಿದ್ದಳು. ಹೊಲಿಗೆ ಯಂತ್ರದ ಪಕ್ಕದ ರೇಡಿಯೊ ವಾರದಿಂದ ಮೂಕಾಗಿತ್ತು. "ಅಬ್ಬಾ ಅಂಗಡಿಯವನ ಸಂಗಾಟ ಜಗಳಾ ತಗದು ಬಂದಾರ, ಹಳೇ ಸೆಲ್ ಕೊಟ್ಟಿ ಅಂತ. ಅವನ ಕಡೆ ಇನ್ನ ಏನೂ ತಗೊಳ್ಳೂದಿಲ್ಲಂತ. ನೋಡಿದ್ರ, ಸೆಲ್ಲಿನ ಮ್ಯಾಲ ಗೀರು ಬ್ಯಾರೆ ಐತಿ, ಯಾರೋ ಬಳಸಿದ್ದ ಇದು ಅಂತಾರ!"

ಇಬ್ಬರೂ ಒಂದೇ ಸಲ ನಕ್ಕೆವು. ನಕ್ಕ ಸದ್ದಿಗೆ ಅವಳ ಅಮ್ಮೀ ಒಳಗಿನಿಂದ ಬಂದರು. ನಾನು ಬಟ್ಟಲು ಕೊಟ್ಟು, "ಸುರಕುಂಬಾ ಭಾಳ ಛಲೋ ಆಗಿತ್ತು, ಎಲ್ಲಾ ನಾನ ತಿಂದೆ. ತಪ್ಪು ನಂದು," ಎಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು, ಏನೂ ಕೇಳಲಿಲ್ಲ.

ಗೇಮನ್ನು ಪರ್ವೀನಳ ಕೈಗಿತ್ತು, ಎಷ್ಟು ದಿನ ಬೇಕಾದರೂ ಇಟ್ಟುಕೋ ಎಂದೆ. ಅವಳು ಆಟ ಶುರು ಮಾಡಲಿಲ್ಲ. ಮೊದಲು ಹಿಂದಿನ ಮುಚ್ಚಳ ತೆಗೆದು, ಸೆಲ್ಲುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದನ್ನೂ ಉರುಳಿಸಿ ನೋಡಿದಳು.

"ಈ ಸಲ ಗುರುತು ಹಾಕಿಲ್ಲೇನು?"

"ಇಲ್ಲ."

"ಖರೇನ?"

"ಖರೇನ."

ಮತ್ತೊಮ್ಮೆ ನೋಡಿದ ಮೇಲೇ ಅವಳು ಮುಚ್ಚಳ ಹಾಕಿದ್ದು. ನನ್ನ ವಿದ್ಯೆಯನ್ನು ಅವಳಿಗೂ ಅಂಟಿಸಿಬಿಟ್ಟಿದ್ದೆ. ಅದು ನನ್ನನ್ನು ಚುಚ್ಚಿದ ಹಾಗೆ ಅಪ್ಪನ ಬೈಗುಳವೂ ಎಂದೂ ಚುಚ್ಚಿರಲಿಲ್ಲ.

ನಾಲ್ಕು ದಿನದ ಮೇಲೆ ಗೇಮು ವಾಪಸು ಬಂತು. ಹುಟ್ಟುಬುದ್ಧಿ ಎಲ್ಲಿ ಹೋಗುತ್ತದೆ, ಅವಳು ಹೋದ ಮೇಲೆ ನಾನೂ ಮುಚ್ಚಳ ತೆಗೆದೆ. ಸೆಲ್ಲುಗಳೆರಡರ ನಡುವಿನ ಸಂದಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ಒಂದು ಕಲ್ಲುಸಕ್ಕರೆಯಿತ್ತು.

ಅದನ್ನು ತೆಗೆದು ಬಾಯಿಗೆ ಹಾಕಿಕೊಂಡಿದ್ದರೆ ಗೇಮು ಇನ್ನೊಂದೆರಡು ವರ್ಷ ಬದುಕುತ್ತಿತ್ತು. ನನಗೆ ತೆಗೆಯುವ ಮನಸ್ಸಾಗಲಿಲ್ಲ. ಮುಚ್ಚಳ ಹಾಕಿ ಹಾಗೇ ಇಟ್ಟೆ. ಮಳೆಗಾಲದ ಮೊದಲ ವಾರ ಇರುವೆ ಹತ್ತಿದವು. ಅವು ಒಳಗೆ ಏನೇನು ಮಾಡಿದವೋ, ಗಂಗಣ್ಣನೂ ನೋಡಿ ಕೈಚೆಲ್ಲಿದರು. ಸತ್ತ ಗೇಮು ಇವತ್ತಿಗೂ ನನ್ನ ಕಪಾಟಿನಲ್ಲಿದೆ.

ಪರ್ವೀನ್ ಈಗ ರಾಣೆಬೆನ್ನೂರಿನಲ್ಲಿದ್ದಾಳೆ, ನಾನು ಹಾವೇರಿಯಲ್ಲಿ. ನಮ್ಮ ಡಬ್ಬಿಗಳು ಬಸ್ಸಿನಲ್ಲಿ ಓಡಾಡುತ್ತವೆ, ಒಂದೂ ಖಾಲಿ ಬಂದಿಲ್ಲ, ಖಾಲಿ ಹೋಗಿಲ್ಲ. ಅವಳು ಆ ಕಲ್ಲುಸಕ್ಕರೆ ಇಟ್ಟದ್ದು ರೂಢಿಗೋ, ಇಲ್ಲಾ ಇರುವೆ ಬರುತ್ತವೆಂದು ಗೊತ್ತಿದ್ದೇ ಸೇಡು ತೀರಿಸಿಕೊಂಡಳೋ ಎಂಬ ಸಂಶಯ ನನಗೆ ಆಗಾಗ ಬರುತ್ತದೆ. ಬಂದಾಗಲೆಲ್ಲ ಕೇಳಿಯೇ ಬಿಡಬೇಕೆಂದು ಫೋನು ಎತ್ತುತ್ತೇನೆ. ಅವಳ ದನಿ ಕೇಳುತ್ತಲೇ ಬೇರೆ ಮಾತು ಶುರುವಾಗುತ್ತದೆ. ಯಾವ ಕಾರಣಕ್ಕೆ ಇಟ್ಟಿದ್ದರೂ ಆ ಸಕ್ಕರೆ ನನಗೆ ಸಲ್ಲತಕ್ಕದ್ದೇ ಆಗಿತ್ತು.